ಸವಳಂಗ ಸೀಮೆಯ ವಿಟಮಿನ್ ಮೀಮಾಂಸೆ

ಅಧ್ಯಾಯ 1: ಕ್ಷೇತ್ರ ಮತ್ತು ಪ್ರಮೇಯ

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ದಾರಿಯಲ್ಲಿ ಕೆರೆಯ ಪಕ್ಕದ ಊರು ಸವಳಂಗ. ನ್ಯಾಮತಿ, ಹೊನ್ನಾಳಿಯ ದಾರಿ ಇಲ್ಲಿಂದ ಕವಲೊಡೆಯುತ್ತದೆ. 1997ರವರೆಗೆ ಇದು ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ ಜಿಲ್ಲೆ. ಮೊದಲು ಹೊನ್ನಾಳಿ ತಾಲ್ಲೂಕು, ಈಗ ನ್ಯಾಮತಿ ತಾಲ್ಲೂಕು. ಜಿಲ್ಲೆ, ತಾಲ್ಲೂಕು ಎರಡೂ ಬದಲಾದರೂ ಕದಲದೆ ನಿಂತ ಏಕೈಕ ಐತಿಹಾಸಿಕ ಸತ್ಯವೆಂದರೆ ಇಲ್ಲಿನವರ ಸುಸ್ತು. ಆ ಸುಸ್ತಿಗೆ ಮದ್ದೆಂದು ಸರ್ವಸಮ್ಮತವಾದ ವಿಟಮಿನ್ ಈ ಪ್ರಬಂಧದ ವಸ್ತು.

ನಮ್ಮ ಪ್ರಮೇಯ ಹೀಗಿದೆ: ವಿಟಮಿನ್ನಿನ ಶಕ್ತಿ ಅದರ ಬಣ್ಣ, ಬೆಲೆ ಮತ್ತು ಚುಚ್ಚುವ ನೋವಿಗೆ ನೇರ ಅನುಪಾತದಲ್ಲಿರುತ್ತದೆ, ಪುಕ್ಕಟೆ ಸಿಕ್ಕ ಕೂಡಲೇ ಅದು ಸೊನ್ನೆಯಾಗುತ್ತದೆ.

ಅಧ್ಯಾಯ 2: ಪೂರ್ವಸೂರಿಗಳು

ಈ ಶಾಸ್ತ್ರದ ಮೂಲಪುರುಷ ಯಾರೆಂದರೆ ಗ್ರಂಥಗಳು 1912ರಲ್ಲಿ ವಿಟಮಿನ್ನಿಗೆ ಆ ಹೆಸರಿಟ್ಟ ಕ್ಯಾಸಿಮಿರ್ ಫಂಕ್‌ನನ್ನು ತೋರಿಸುತ್ತವೆ. ನಮ್ಮ ಮತದಲ್ಲಿ ಆ ಪೀಠ ಜಾವಾ ದ್ವೀಪದ ಒಬ್ಬ ಅಡುಗೆಯವನಿಗೆ ಸಲ್ಲಬೇಕು. ಡಚ್ ವೈದ್ಯ ಕ್ರಿಶ್ಚಿಯಾನ್ ಐಕ್‌ಮನ್ ಅಲ್ಲಿ ಬೆರಿಬೆರಿ ರೋಗದ ಬೆನ್ನು ಹತ್ತಿದ್ದ. ಅವನ ಪ್ರಯೋಗದ ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನ ಬೀಳುತ್ತಿತ್ತು. ಕೋಳಿಗಳು ಕಾಲು ಸೋತು ಕುಸಿದವು. ಅಷ್ಟರಲ್ಲಿ ಹೊಸ ಅಡುಗೆಯವನು ಬಂದ. ಮಿಲಿಟರಿ ಅನ್ನವನ್ನು ಸಿವಿಲಿಯನ್ ಕೋಳಿಗೆ ಕೊಡಲಾರೆ ಎಂದುಬಿಟ್ಟ. ಕೋಳಿಗಳಿಗೆ ಪಾಲಿಶ್ ಕಾಣದ ಅಗ್ಗದ ಅಕ್ಕಿಯೇ ಗತಿಯಾಯಿತು, ಅವು ಎದ್ದು ಓಡಾಡತೊಡಗಿದವು. ತೌಡಿನಲ್ಲಿ ಏನೋ ಇದೆ ಎಂಬ ಜ್ಞಾನ ಹುಟ್ಟಿದ್ದು ಹೀಗೆ. 1929ರಲ್ಲಿ ಐಕ್‌ಮನ್ನನಿಗೆ ನೊಬೆಲ್ ಬಂತು, ಅಡುಗೆಯವನಿಗೆ ಏನೂ ಬರಲಿಲ್ಲ. ಸರ್ಕಾರಿ ಸ್ಟಾಕನ್ನು ಪರರಿಗೆ ಮುಟ್ಟಿಸದ ನೌಕರನೊಬ್ಬನಿಂದ ಮನುಕುಲಕ್ಕೆ ಇಷ್ಟು ಒಳಿತಾದ ಇನ್ನೊಂದು ಪ್ರಸಂಗ ನಮ್ಮ ಅವಲೋಕನಕ್ಕೆ ಬಂದಿಲ್ಲ.

ಅಧ್ಯಾಯ 3: ಹಂಚಿಕೆಯ ನ್ಯಾಯ

ಅನ್ನ ಬೆಳ್ಳಗಿರಬೇಕು ಎಂಬುದು ನಮ್ಮ ಸೀಮೆಯ ಮೊದಲ ಧರ್ಮಸೂತ್ರ. ಅದನ್ನು ಪಾಲಿಸಲು ರೈಸ್ ಮಿಲ್ಲು ಅಕ್ಕಿಯ ಮೈ ಉಜ್ಜುತ್ತದೆ. ಉಜ್ಜಿ ಬಂದ ತೌಡು, ಅಂದರೆ ಜಾವಾದ ಕೋಳಿಗಳನ್ನು ಎಬ್ಬಿಸಿದ ಬಿ1 ವಿಟಮಿನ್ನಿನ ಬಹುಪಾಲು, ಎಮ್ಮೆಯ ಬಾನಿಗೆ ಹೋಗುತ್ತದೆ. ಎಮ್ಮೆ ಎಂದೂ ಸುಸ್ತೆಂದು ದವಾಖಾನೆಗೆ ಬಂದದ್ದಿಲ್ಲ.

ಇನ್ನು ಮೆಕ್ಕೆಜೋಳ. ಸವಳಂಗದಿಂದ ಜಗಳೂರಿನವರೆಗೆ ಮಳೆ ನಂಬಿದ ಹೊಲಗಳಲ್ಲಿ ಇದರದೇ ದರ್ಬಾರು. ಇದರೊಳಗಿನ ನಯಾಸಿನ್ ಎಂಬ ಬಿ3 ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಹೊಟ್ಟೆಗೆ ದಕ್ಕುವುದಿಲ್ಲ. ಮೆಕ್ಸಿಕೋದ ಮೂಲನಿವಾಸಿಗಳು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಆ ಕಟ್ಟು ಬಿಚ್ಚುತ್ತಿದ್ದರು. ಯುರೋಪಿನವರು, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳವರು ಜೋಳ ತಂದರು, ಸುಣ್ಣ ಬಿಟ್ಟರು. ಚರ್ಮ ಸುಲಿದು ಬುದ್ಧಿ ಕೆಡಿಸುವ ಪೆಲ್ಲಾಗ್ರ ಹಬ್ಬಿತು. ಅದು ಅಂಟುರೋಗವಲ್ಲ, ತಟ್ಟೆಯ ದೋಷ ಎಂದು ತೋರಿಸಲು 1914ರಿಂದ ಜೋಸೆಫ್ ಗೋಲ್ಡ್‌ಬರ್ಗರ್ ವರ್ಷಗಟ್ಟಲೆ ಹೆಣಗಬೇಕಾಯಿತು. ನಮ್ಮಲ್ಲಿ ಜೋಳವೂ ಇದೆ, ಸುಣ್ಣವೂ ಇದೆ. ಆದರೆ ಚನ್ನಗಿರಿಯ ಅಡಿಕೆಯ ದೆಸೆಯಿಂದ ಸುಣ್ಣ ಎಲೆಗೆ ಹೋಗುತ್ತದೆ, ಜೋಳ ಕೋಳಿಗೆ ಹೋಗುತ್ತದೆ. ಫಾರಂ ಕೋಳಿಯ ಆ ಆಹಾರಕ್ಕೆ ಯಾವ ವಿಟಮಿನ್ ಎಷ್ಟು ಎಂದು ತೂಕ ಮಾಡಿ ಬೆರೆಸುತ್ತಾರೆ. ಆ ಕೋಳಿಯನ್ನು ಸಾಕುವವನು ಮಾತ್ರ ಅಂದಾಜಿನ ಮೇಲೆ ನುಂಗುತ್ತಾನೆ.

ಮೂರನೆಯ ನಿದರ್ಶನ ರೇಷನ್ ಅಕ್ಕಿ. 2021ರ ಆಗಸ್ಟ್ 15ರಂದು ಕೆಂಪುಕೋಟೆಯಲ್ಲಿ ಘೋಷಣೆಯಾದ ಮೇಲೆ ಸಾರವರ್ಧಿತ ಅಕ್ಕಿ ಪಡಿತರಕ್ಕೆ ಬಂತು: ಒಂದು ಕೆಜಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ 10 ಗ್ರಾಂ ಕಾಳು. ಆ ಕಾಳಿನ ಬಣ್ಣ ತುಸು ಬೇರೆ, ನೀರಿಗೆ ಹಾಕಿದರೆ ತೇಲುವುದೂ ಉಂಟು. ಅಷ್ಟು ಸಾಕಾಯಿತು. "ಏ, ಇದು ಪ್ಲಾಸ್ಟಿಕ್ ಅಕ್ಕಿ ಐತೆ, ಆರಿಸಿ ಎಸೀರೇ" ಎಂಬ ತೀರ್ಪು ಅಡುಗೆಮನೆಗಳಲ್ಲಿ ಹೊರಬಿತ್ತು. ಮೊರದಿಂದ ಆಯ್ದು ಎಸೆದ ಕಾಳನ್ನು ಅಂಗಳದ ಕೋಳಿ ಹೆಕ್ಕಿತು. ಜಾವಾದ ಅಡುಗೆಯವನು ಕೋಳಿಗೆ ನಿರಾಕರಿಸಿದ್ದನ್ನು ನಾವು ಬಡ್ಡಿ ಸಮೇತ ತೀರಿಸಿದೆವು ಎನ್ನಬಹುದು.

ಅಧ್ಯಾಯ 4: ಪಂಥಗಳು

ಹೀಗೆ ಎಮ್ಮೆ, ಕೋಳಿಗಳ ಪಾಲು ಕಳೆದ ಮೇಲೆ ಮನುಷ್ಯರಿಗೆ ಉಳಿದ ಮಾರ್ಗಗಳು ಮೂರು.

ಗುಳಿಗೆವಾದಿಗಳು ಮೆಡಿಕಲ್ ಶಾಪಿನ ಮುಂದೆ ನಿಂತು "ಒಂದು ಶೀಟು ಬಿ-ಕಾಂಪ್ಲೆಕ್ಸ್ ಕೊಡಪ್ಪ" ಎನ್ನುತ್ತಾರೆ. ವೈದ್ಯರ ಚೀಟಿಯ ಸಂಕೋಚಕ್ಕೆ ಕೊಳ್ಳುವವನೂ ಮಾರುವವನೂ ಒಳಗಾಗುವುದಿಲ್ಲ. ಮರುದಿನ ಮೂತ್ರ ಗಾಢ ಹಳದಿಯಾದರೆ ಔಷಧಿ ಹಿಡಿಯಿತೆಂದು ಸಂತೋಷ. ಆ ಹಳದಿ ಬಿ2, ಅಂದರೆ ರೈಬೋಫ್ಲೇವಿನ್. ದಿನಕ್ಕೆ ಬೇಕಾದ್ದು 2 ಮಿಲಿಗ್ರಾಂ ಆಸುಪಾಸು. ಕ್ಯಾಪ್ಸೂಲಿನಲ್ಲಿ ಅದರ ಹಲವು ಪಟ್ಟು. ಮಿಕ್ಕದ್ದನ್ನು ಮೂತ್ರಪಿಂಡ ಸೋಸಿ ಹೊರಗೆ ಹಾಕುತ್ತದೆ. ಕೊಟ್ಟ ದುಡ್ಡು ಹೊರಗೆ ಹೋದದ್ದು ಕಣ್ಣಿಗೇ ಕಾಣಿಸುವ ವ್ಯವಹಾರ ಇಷ್ಟು ಪಾರದರ್ಶಕವಾಗಿ ಬೇರೆಲ್ಲೂ ನಡೆಯುವುದಿಲ್ಲ.

ಸೂಜಿವಾದಿಗಳ ವಾದ: ಗುಳಿಗೆಯಲ್ಲಿ ಗುಣವಿರಬಹುದು, ಆದರೆ ನೋವಿಲ್ಲವಾದ್ದರಿಂದ ಅದು ಅಪೂರ್ಣ.

ಬಾಟ್ಲಿವಾದ ಅದ್ವೈತದ ಎತ್ತರದ್ದು. "ಮೈಯಾಗೆ ತಾಕತ್ತೇ ಇಲ್ರೀ ಡಾಕ್ಟ್ರೇ, ಒಂದು ಬಾಟ್ಲಿ ಏರಿಸಿಬಿಡ್ರಿ." ಏರಿಸುವ ದ್ರವಕ್ಕೆ ವಿಟಮಿನ್ ಬೆರೆತು ಹಳದಿಯಾಗಿದ್ದರೆ ಅರ್ಧ ರೋಗ ನೋಡಿದೊಡನೆ ವಾಸಿ. ಐದು ಪರ್ಸೆಂಟಿನ ಅರ್ಧ ಲೀಟರ್ ಬಾಟ್ಲಿಯಲ್ಲಿರುವುದು 25 ಗ್ರಾಂ ಗ್ಲುಕೋಸ್, ನೂರು ಕ್ಯಾಲೊರಿ ಮೀರದು. ದಾವಣಗೆರೆಯ ಒಂದು ಬೆಣ್ಣೆ ದೋಸೆ ಇದನ್ನು ಸುಲಭವಾಗಿ ಸೋಲಿಸುತ್ತದೆ. ಆದರೆ ದೋಸೆ ತಿಂದವನನ್ನು ನೋಡಲು ನೆಂಟರು ಎಳನೀರು ಹಿಡಿದು ಬರುವುದಿಲ್ಲವೆಂಬ ಕೊರತೆ ಇದೆ.

ಅಧ್ಯಾಯ 5: ಅಪಾಯ ಪ್ರಕರಣ

ಬಿ ಮತ್ತು ಸಿ ಗುಂಪಿನವು ಉಂಡು ಮುಂದಿನ ಬಸ್ಸಿಗೆ ಹೊರಡುವ ನೆಂಟರು. ಎ, ಡಿ, ಇ, ಕೆ ಗುಂಪಿನವು ಕೊಬ್ಬಿನಲ್ಲಿ ಕರಗಿ ಹಾಸಿಗೆ ಬಿಚ್ಚುವವರು. ಬಿ12 ಮಾತ್ರ ನಿಯಮ ಮೀರಿ ಯಕೃತ್ತಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಡಿ ಕೊರತೆಗೆ ವೈದ್ಯರು 60,000 ಯೂನಿಟ್ಟಿನ ಪೊಟ್ಟಣ ಬರೆಯುವುದು ಸಾಮಾನ್ಯವಾಗಿ ವಾರಕ್ಕೊಂದರಂತೆ. ವಾರಕ್ಕೊಂದು ಒಳ್ಳೆಯದಾದರೆ ದಿನಕ್ಕೊಂದು ಏಳು ಪಟ್ಟು ಒಳ್ಳೆಯದು ಎಂಬ ತರ್ಕ ಹಿಡಿದವರ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಕೊನೆಗೆ ಮೂತ್ರಪಿಂಡಕ್ಕೆ ಏಟು. ಕೈಕಾಲು ಜೋಮು ಹಿಡಿಯಿತೆಂದು ನುಂಗುವ ಬಿ6, ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಸೇರಿದರೆ ತಾನೇ ನರ ಕೆಡಿಸಿ ಕೈಕಾಲು ಜೋಮು ಹಿಡಿಸುತ್ತದೆ. ಆಗ ರೋಗಿ ಇನ್ನೊಂದು ಶೀಟು ಕೊಳ್ಳುತ್ತಾನೆ. ಆರ್ಥಿಕ ಚಕ್ರ ಪೂರ್ಣವಾಗುತ್ತದೆ. ಗರ್ಭಿಣಿಗೆ ಎ ಅತಿಯಾದರೆ ಮಗುವಿಗೆ ಅಂಗದೋಷದ ಭಯ.

ಬೀಡಿ ಸೇದುತ್ತಲೇ ವಿಟಮಿನ್ ನುಂಗಿ ಲೆಕ್ಕ ಸರಿದೂಗಿಸುವವರಿಗೆ ಫಿನ್‌ಲೆಂಡಿನಿಂದ ಒಂದು ಸುದ್ದಿ. ಅಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂತು. ಎ ವಿಟಮಿನ್ನಿನ ಮೂಲರೂಪವಾದ ಬೀಟಾ ಕೆರೋಟಿನ್ ಗುಳಿಗೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಿತ್ತು. ಅದೇ ಕೆರೋಟಿನ್ ಗಜ್ಜರಿಯಲ್ಲಿದ್ದಾಗ ಯಾರಿಗೂ ತೊಂದರೆ ಕೊಟ್ಟದ್ದಿಲ್ಲ.

ಅಧ್ಯಾಯ 6: ಆಕ್ಷೇಪ ಮತ್ತು ಸಮಾಧಾನ

ಆಕ್ಷೇಪ: ಹಾಗಾದರೆ ಗುಳಿಗೆಯೆಲ್ಲ ಮಿಥ್ಯೆಯೆ?

ಸಮಾಧಾನ: ಅಲ್ಲ. ಗರ್ಭ ನಿಲ್ಲುವ ಮುಂಚಿನಿಂದ ತೆಗೆದುಕೊಂಡ ಫೋಲಿಕ್ ಆಮ್ಲ ಮಗುವಿನ ಬೆನ್ನುಹುರಿಯ ದೋಷವನ್ನು ಬಹುಮಟ್ಟಿಗೆ ತಡೆಯುತ್ತದೆಂದು 1991ರಲ್ಲೇ ರುಜುವಾತಾಗಿದೆ. ಒಂಬತ್ತು ತಿಂಗಳಿನಿಂದ ಐದು ವರ್ಷದವರೆಗೆ ಮಗುವಿಗೆ ಒಂಬತ್ತು ಬಾರಿ ಕುಡಿಸುವ ಎ ಸಿರಪ್ ಕಣ್ಣು ಕಾಯಲೆಂದೇ ಇರುವುದು. ಹದಿಹರೆಯದವರಿಗೆ ವಾರಕ್ಕೊಂದರಂತೆ ಶಾಲೆಯಲ್ಲಿ ಕೊಡುವ ನೀಲಿ ಗುಳಿಗೆಯಲ್ಲಿ ಕಬ್ಬಿಣವೂ ಫೋಲಿಕ್ ಆಮ್ಲವೂ ಇವೆ. ಹಾಲು, ಮೊಟ್ಟೆ ಮುಟ್ಟದ ಸಸ್ಯಾಹಾರಿಗಳು ಮತ್ತು ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುವ ಸಕ್ಕರೆ ಕಾಯಿಲೆಯವರು ಬಿ12 ಪರೀಕ್ಷೆ ಮಾಡಿಸುವುದು ವಿವೇಕ.

ಗಮನಿಸಿ: ಇವುಗಳಲ್ಲಿ ಬಹುಪಾಲು ಅಂಗನವಾಡಿ, ಶಾಲೆ, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತವೆ. ಆದ್ದರಿಂದಲೇ ನೀಲಿ ಗುಳಿಗೆ ಹುಡುಗಿಯ ಕಂಪಾಸ್ ಬಾಕ್ಸಿನಲ್ಲಿ ಉಳಿಯುತ್ತದೆ, ಆಶಾ ಕಾರ್ಯಕರ್ತೆ ಗರ್ಭಿಣಿಗೆ ಕೊಟ್ಟ ಕೆಂಪು ಗುಳಿಗೆ ಗೂಡಿನಲ್ಲಿ ಉಳಿಯುತ್ತದೆ. ನಮ್ಮ ಪ್ರಮೇಯ ಸಿದ್ಧವಾಯಿತು.

ಅಧ್ಯಾಯ 7: ಶಿಫಾರಸುಗಳು

ಒಂದು: ಸರ್ಕಾರ ತನ್ನ ಗುಳಿಗೆಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬೆಲೆ ಮುದ್ರಿಸತಕ್ಕದ್ದು, ಆ ಬೆಲೆ ಖಾಸಗಿ ಕಂಪನಿಯದಕ್ಕಿಂತ ಹೆಚ್ಚಿರತಕ್ಕದ್ದು.

ಎರಡು: ಸಾರವರ್ಧಿತ ಅಕ್ಕಿಯ ಚೀಲದ ಮೇಲೆ "ಇಂಪೋರ್ಟೆಡ್" ಎಂದು ಬರೆಸತಕ್ಕದ್ದು.

ಮೂರು: ನುಗ್ಗೆಸೊಪ್ಪಿನ ಪಲ್ಯವನ್ನು ಮನೆಯಲ್ಲಿ ಬಡಿಸುವಾಗ ಸೊಸೆ ಬಿಳಿ ಕೋಟು ಧರಿಸತಕ್ಕದ್ದು.

ಈ ಮೂರನೆಯದನ್ನು ಮಾರುಕಟ್ಟೆ ನಮಗಿಂತ ಮೊದಲೇ ಗ್ರಹಿಸಿದೆ. ನುಗ್ಗೆಸೊಪ್ಪಿನ ಪುಡಿ ಈಗ ಕ್ಯಾಪ್ಸೂಲಾಗಿ, ಬೆಟ್ಟದ ನೆಲ್ಲಿಕಾಯಿ ಮಾತ್ರೆಯಾಗಿ ಡಬ್ಬಿಯಲ್ಲಿ ಕೂತಿವೆ. ಆದಕಾರಣ ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಈ ಪ್ರಬಂಧ ಒಂದು ತಿದ್ದುಪಡಿಯನ್ನು ವಿನಯಪೂರ್ವಕ ಸೂಚಿಸುತ್ತದೆ: ಗಿಡವನ್ನು ಪರಊರಿಗೆ ಕಳಿಸಿ, ಒಣಗಿಸಿ, ಡಬ್ಬಿಗೆ ತುಂಬಿಸಿ, ಜಿಎಸ್‌ಟಿ ಕಟ್ಟಿ ವಾಪಸ್ ತರಿಸಿಕೊಂಡರೆ ಅದು ಖಂಡಿತ ಮದ್ದು.