ಸಲಹೆಯ ಸಂರಕ್ಷಣೆ: ನಾಗರಿಕ ಸಮಿತಿಗಳು ಸುಸ್ಥಿರತೆ ಸಾಧಿಸುವ ಬಗೆಯ ಕುರಿತು ಒಂದು ಶಾಸ್ತ್ರೀಯ ವಿವೇಚನೆ

ಸುಸ್ಥಿರತೆಯ ಲಕ್ಷಣವೇನು ಎಂಬುದಕ್ಕೆ 1987ರಲ್ಲಿ ಬ್ರುಂಟ್‌ಲಾಂಡ್ ಆಯೋಗ ಕೊಟ್ಟ ಉತ್ತರವನ್ನು ವಿದ್ವಾಂಸರೆಲ್ಲ ಒಪ್ಪಿದ್ದಾರೆ: ಮುಂದಿನ ಪೀಳಿಗೆಯ ಪಾಲಿಗೆ ಕೈಹಾಕದೆ ಇಂದಿನವರು ತಮ್ಮ ಅಗತ್ಯ ಪೂರೈಸಿಕೊಳ್ಳುವುದು. ಈ ಲಕ್ಷಣವನ್ನು ಮರಳಿಗೆ, ಅಂತರ್ಜಲಕ್ಕೆ, ಕಾಡಿಗೆ ಅನ್ವಯಿಸಿ ನೋಡಿದವರು ಒಂದೊಂದರಲ್ಲೂ ಸೋತು ಕೂತಿದ್ದಾರೆ. ಅವರು ಹುಡುಕಿದ ಜಾಗವೇ ತಪ್ಪು ಎಂಬುದು ಪ್ರಸ್ತುತ ಪ್ರಬಂಧದ ವಾದ. ನಮ್ಮ ಸ್ಥಳೀಯ ಆಡಳಿತದ ಅಂಗಳದಲ್ಲೇ ಈ ಲಕ್ಷಣಕ್ಕೆ ಪೂರ್ತಿ ಹೊಂದುವ ಸಂಪತ್ತೊಂದಿದೆ. ದಶಕಗಳಿಂದ ಉತ್ಪಾದನೆಯಾಗುತ್ತಿದ್ದರೂ ಅದರಲ್ಲಿ ಗುಲಗಂಜಿಯಷ್ಟೂ ಖರ್ಚಾಗಿಲ್ಲ. ಅದೇ ನಾಗರಿಕ ಸಮಿತಿಯ ಸಲಹೆ. ಕೆರೆ ಉಳಿಸಿ, ಕಸ ವಿಂಗಡಿಸಿ, ಮರ ಕಡಿಯಬೇಡಿ ಎಂದು ಊರಿನ ಹತ್ತು ಜನ ಕೂತು, ಕಾಫಿ ಕುಡಿದು, ಬರೆದು, ಸಹಿ ಹಾಕಿ ಕೊಟ್ಟದ್ದು ಕೊಟ್ಟಂತೆಯೇ ಇದೆ. ಇಂಥ ಸಮಿತಿಗಳಿಂದ ಸ್ಥಳೀಯ ಸಂಸ್ಥೆಗಳಲ್ಲಿ ಸುಸ್ಥಿರತೆ ಬೆಳೆಯುತ್ತದೆ ಎಂದು ಕಾರ್ಯಾಗಾರ ನಡೆಸುವವರೆಲ್ಲ ಹೇಳುತ್ತಾರೆ. ಹೇಗೆ ಬೆಳೆಯುತ್ತದೆ ಎಂದು ಹೇಳಿದವರಿಲ್ಲ. ಆ ಕೊರತೆ ತುಂಬುವುದೇ ಇಲ್ಲಿನ ಉದ್ದೇಶ.

ಮೊದಲು ವಸ್ತುವಿನ ಸ್ವರೂಪ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಾಗ, ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿಗಳಿರತಕ್ಕದ್ದು ಎಂದು 243ಎಸ್ ವಿಧಿ ವಿಧಿಸಿತು. ಅವಸರದ ರಾಜ್ಯವಾಗಿದ್ದರೆ ಮರುವರ್ಷವೇ ಬೀದಿಬೀದಿಗೆ ಕುರ್ಚಿ ಹಾಕಿಸುತ್ತಿತ್ತು. ಕರ್ನಾಟಕ ಮೊದಲು ಕೆಲವು ವಾರ್ಡುಗಳಿಗೆ ಸೇರಿ ಒಂದರಂತೆ ಸಮಿತಿ ಮಾಡಿ ನೋಡಿತು; ವಾರ್ಡಿಗೊಂದು ಸಮಿತಿ ಎಂಬ ಹಂತ ಮುಟ್ಟಲು 2011ರಲ್ಲಿ ಪೌರ ನಿಗಮಗಳ ಅಧಿನಿಯಮಕ್ಕೆ ತಿದ್ದುಪಡಿ, 2016ರಲ್ಲಿ ಅದಕ್ಕೊಂದು ನಿಯಮಾವಳಿ, ನಡುವೆ ಹೈಕೋರ್ಟಿನ ತಾಕೀತು, ಇಷ್ಟು ಬೇಕಾಯಿತು. ಕಾರ್ಪೊರೇಟರ್ ಅಧ್ಯಕ್ಷರು, ಹತ್ತು ಮಂದಿ ಸದಸ್ಯರು, ಅವರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು, ತಿಂಗಳಿಗೊಂದು ಸಭೆ. ಇಷ್ಟು ನಿಧಾನವಾಗಿ ಬೆಳೆದದ್ದು ಗಟ್ಟಿಯಾಗಿರುತ್ತದೆ ಎಂಬುದಕ್ಕೆ 2020ರ ಸೆಪ್ಟೆಂಬರ್ 10 ಸಾಕ್ಷಿ. ಅಂದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಮಂಡಳಿಯ ಅವಧಿ ಮುಗಿಯಿತು. 198 ವಾರ್ಡುಗಳ ಕಾರ್ಪೊರೇಟರುಗಳು ಮಾಜಿಗಳಾದರು. ಸಮಿತಿಗಳು ಮಾತ್ರ ಅಧ್ಯಕ್ಷರಿಲ್ಲದೆಯೂ ನೋಡಲ್ ಅಧಿಕಾರಿಗಳ ಸಮ್ಮುಖದಲ್ಲಿ ಸೇರಿದವು, ಸಲಹೆ ಕೊಟ್ಟವು. ತಲೆ ಹೋದ ಮೇಲೂ ಮಾತಾಡುವ ಪ್ರಾಣಿ ಪುರಾಣದಲ್ಲಿ ಬಿಟ್ಟರೆ ಆಡಳಿತಶಾಸ್ತ್ರದಲ್ಲಿ ಇದೊಂದೇ.

ಇನ್ನು ಸಲಹೆಯ ಬಾಳಿಕೆ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂಬ ಮಾತನ್ನೇ ತೆಗೆದುಕೊಳ್ಳಿ. 2000ನೇ ಇಸವಿಯ ಘನತ್ಯಾಜ್ಯ ನಿಯಮಗಳಲ್ಲಿ ಅದು ಇತ್ತು. 2012ರಲ್ಲಿ ಮಾವಳ್ಳಿಪುರದ ಗುಂಡಿಗೆ ಕಸ ಹೋಗುವುದು ನಿಂತು ಬೆಂಗಳೂರಿನ ಮೂಲೆಮೂಲೆಯಲ್ಲಿ ರಾಶಿ ಬಿದ್ದಾಗ ನ್ಯಾಯಾಲಯವೂ ಅದನ್ನೇ ಹೇಳಿತು. ಇನ್ನು ಸಾಕು ಎಂದು ಮಂಡೂರಿನವರು ಹಟ ಹಿಡಿದು 2014ರ ಕೊನೆಗೆ ಅಲ್ಲಿಗೂ ಲಾರಿ ನಿಂತಾಗ ಮತ್ತೆ ಅದೇ ಮಾತು ಕೇಳಿಸಿತು. 2016ರ ನಿಯಮಗಳು ಅದನ್ನೇ ತೊಳೆದು, ಅಪಾಯಕಾರಿ ಕಸಕ್ಕೆಂದು ಮೂರನೆಯ ಬುಟ್ಟಿಯನ್ನು ಸೇರಿಸಿ ಹೊಸದಾಗಿ ಬಡಿಸಿದವು. ವಾರ್ಡ್ ಸಮಿತಿಗಳು ಪ್ರತಿ ತಿಂಗಳೂ ಇದೇ ಮಾತನ್ನು ಠರಾವು ಮಾಡುತ್ತವೆ. ಕಾಲು ಶತಮಾನ ಬಳಸಿಯೂ ಸವೆಯದ ವಸ್ತು ಇನ್ನಾವುದಿದೆ? ಬಳಸಿದ್ದರೆ ಸವೆಯುತ್ತಿತ್ತು ಎಂದು ಮೂಗು ಮುರಿಯುವವರಿಗೆ ಮುಂದೆ ಉತ್ತರವಿದೆ.

ಕೆರೆಗಳ ವಿಷಯದಲ್ಲಿ ಸಾಮಗ್ರಿ ಇನ್ನೂ ಸಮೃದ್ಧ. ಬೆಂಗಳೂರಿನ ಕೆರೆಗಳನ್ನು ಒಡೆಯಬೇಡಿ, ಒಳಗೆ ಕೊಳಚೆ ಬಿಡಬೇಡಿ ಎಂದು ಲಕ್ಷ್ಮಣ ರಾವ್ ಸಮಿತಿ 1986ರಲ್ಲೇ ವರದಿ ಕೊಟ್ಟಿತು. 2011ರಲ್ಲಿ ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಸರ್ವೆ ಮಾಡಿಸಿ, ಒತ್ತುವರಿ ತೆರವು ಮಾಡಿಸಿ, ಬೇಲಿ ಹಾಕಿಸಿ, ಕೊಳಚೆ ತಡೆಯಿರಿ ಎಂದಿತು. ಆಮೇಲೆ ಕೆ.ಬಿ. ಕೋಳಿವಾಡ ಅವರ ಅಧ್ಯಕ್ಷತೆಯ ಸದನ ಸಮಿತಿಯೂ ಒತ್ತುವರಿಯನ್ನು ಅಳೆಯಿತು. ಇವೆಲ್ಲ ತಜ್ಞರ, ಶಾಸಕರ ಸಮಿತಿಗಳು, ನಾಗರಿಕರದ್ದಲ್ಲ ಎಂಬ ತಕರಾರು ಸರಿಯೇ. ಆದರೆ ಪಾಟೀಲ್ ಸಮಿತಿಯ ವರದಿಯ ಫಲವಾಗಿ ಜಿಲ್ಲೆಗೊಂದು ಕೆರೆ ಸಂರಕ್ಷಣಾ ಸಮಿತಿ ಹುಟ್ಟಿತೆಂಬುದನ್ನು ಗಮನಿಸಬೇಕು. ಒಂದು ಸಮಿತಿಯ ಸಲಹೆಗಳಲ್ಲಿ ತಡೆಯಿಲ್ಲದೆ ಜಾರಿಯಾಗುವುದು ಇನ್ನಷ್ಟು ಸಮಿತಿಗಳಾಗಲಿ ಎಂಬ ಸಲಹೆ. ಜೀವಶಾಸ್ತ್ರದಲ್ಲಿ ಇದಕ್ಕೆ ಸಂತಾನೋತ್ಪತ್ತಿ ಎನ್ನುತ್ತಾರೆ. ಕೆರೆಗೆ ಆ ಶಕ್ತಿಯಿಲ್ಲ. ಒಂದು ಕೆರೆ ಇನ್ನೊಂದನ್ನು ಹೆತ್ತದ್ದನ್ನು ಯಾರೂ ಕಂಡಿಲ್ಲ.

ಸಂತಾನದ ಮಾತು ಬಂದದ್ದರಿಂದ ಈ ಪ್ರಬಂಧದ ಮುಖ್ಯ ಪ್ರಮಾಣಕ್ಕೆ ಬರಬಹುದು. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ, ಅಂದರೆ ನಮ್ಮ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಪ್ರತಿಯೊಂದೂ, ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಮಾಡಬೇಕು. ಊರಿನ ನಾಟಿ ವೈದ್ಯರು, ಬೇಸಾಯಗಾರರು, ಮೀನು ಹಿಡಿಯುವವರು, ಕಿರು ಅರಣ್ಯ ಉತ್ಪನ್ನ ಆಯುವವರು ಸೇರಿ ತಮ್ಮೂರಿನ ಗಿಡ, ಬಳ್ಳಿ, ಹಕ್ಕಿ, ದನ, ಭತ್ತದ ತಳಿ, ಮದ್ದಿನ ಬೇರು ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ಕಾಯ್ದೆಯಾಗಿ ಹದಿನಾಲ್ಕು ವರ್ಷದ ಮೇಲೆ, 2016ರಲ್ಲಿ, ದೇಶದಲ್ಲಿ ಇಂಥ ಸಮಿತಿಗಳು ಹತ್ತು ಸಾವಿರದ ಆಸುಪಾಸಿನಲ್ಲಿದ್ದವು. ದಾಖಲಾತಿಗಳು ಸಾವಿರದ ಚಿಲ್ಲರೆ. ಆಗ ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲವಾದರೆ ಪ್ರತಿ ರಾಜ್ಯವೂ ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಎಂದು 2019ರಲ್ಲಿ ಮಂಡಳಿ ಗಡುವು ಹಾಕಿತು. ಗಡುವಿನ ಹೊತ್ತಿಗೆ ಸಮಿತಿಗಳು ಎರಡೂಕಾಲು ಲಕ್ಷ ದಾಟಿದ್ದವು, ದಾಖಲಾತಿಗಳು ತೊಂಬತ್ತು ಸಾವಿರ. ಹೋಲಿಕೆಗೆ ಹುಲಿಯನ್ನು ನೋಡಿ. 2006ರ ಗಣತಿಯಲ್ಲಿ 1,411, 2022ರಲ್ಲಿ 3,682. ಹದಿನಾರು ವರ್ಷ ಕಾವಲು ಕಾದರೂ ಮೂರು ಪಟ್ಟೂ ಆಗಲಿಲ್ಲ. ಸಮಿತಿ ನಾಲ್ಕು ವರ್ಷದಲ್ಲಿ ಇಪ್ಪತ್ತು ಪಟ್ಟು ಮೀರಿತು. ಹುಲಿಗೆ ಜಿಂಕೆ ಬೇಕು, ಕಾಡು ಬೇಕು, ಕಾರಿಡಾರ್ ಬೇಕು. ಸಮಿತಿಗೆ ಬೇಕಾದದ್ದು ದಂಡದ ಭಯವೊಂದೇ. ಇಂಥ ಸಾಧನೆಯಲ್ಲೂ ಕೊಂಕು ಹುಡುಕಿ, ದಾಖಲಾತಿಯನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟು ಬರೆಸಿದರು, ಊರಿನವರನ್ನು ಕೇಳಲೇ ಇಲ್ಲ ಎಂದವರಿದ್ದಾರೆ. ಊರಿನವರನ್ನು ಕೇಳುತ್ತ ಕೂತಿದ್ದರೆ ಗಡುವು ಮೀರುತ್ತಿತ್ತು ಎಂಬ ಸರಳ ಗಣಿತ ಅವರಿಗೆ ಹೊಳೆದಿಲ್ಲ.

ಸಮಿತಿಯ ಆಂತರಿಕ ವ್ಯವಸ್ಥೆಯೂ ಅಷ್ಟೇ ಮಿತವ್ಯಯದ್ದು. ಒಂದೇ ಪಂಚಾಯಿತಿಯಲ್ಲಿ ಶಾಲಾಭಿವೃದ್ಧಿ ಸಮಿತಿ, ಗ್ರಾಮ ಅರಣ್ಯ ಸಮಿತಿ, ಆರೋಗ್ಯ ನೈರ್ಮಲ್ಯ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ ಎಲ್ಲ ಇದ್ದರೂ ಮುಖಗಳು ಹೆಚ್ಚು ಬೇಕಾಗುವುದಿಲ್ಲ; ಅವವೇ ಸಾಕಾಗುತ್ತವೆ. ಮರುಬಳಕೆಯ ತತ್ವ ಮನುಷ್ಯರಿಗೂ ಅನ್ವಯವಾದ ಅಪರೂಪದ ಉದಾಹರಣೆ ಇದು. ನಡಾವಳಿ ಪುಸ್ತಕವನ್ನು ಬಿಡಿಸಿ ನೋಡಿದರೆ ವಿಷಯ ಇನ್ನೂ ನಿಚ್ಚಳ. ಉದ್ದನೆಯ ರಟ್ಟಿನ ಪುಸ್ತಕ, ಎಡಕ್ಕೆ ಕೆಂಪು ಗೀಟು. ವಿಷಯ ಒಂದು: ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸಲಾಯಿತು. ವಿಷಯ ಎರಡು: ಕೆರೆಯಂಗಳದಲ್ಲಿ ಕಟ್ಟಡದ ಅವಶೇಷ ಸುರಿಯುತ್ತಿರುವುದನ್ನು ಸಭೆಯ ಅವಗಾಹನೆಗೆ ತರಲಾಯಿತು, ಸಭೆಯು ಸುದೀರ್ಘವಾಗಿ ಚರ್ಚಿಸಿ, ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟವರಿಗೆ ಬರೆಯಲು ತೀರ್ಮಾನಿಸಿತು. ಮೂರು: ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು, ಯಾವುದೂ ಇರುವುದಿಲ್ಲ. ಕೆಳಗೆ ಸಹಿಗಳು, ಮಹಿಳಾ ಸದಸ್ಯರ ಹೆಸರಿನೆದುರು ಅವರ ಪತಿಯ ಕೈಬರಹವನ್ನೇ ಹೋಲುವ ಒಂದೆರಡು. ಮುಂದಿನ ಸಭೆಯ ಮೊದಲ ವಿಷಯ ಈ ಸಭೆಯನ್ನು ದೃಢೀಕರಿಸುವುದು. ಹೀಗೆ ಪ್ರತಿ ಸಭೆಯೂ ಹಿಂದಿನ ಸಭೆಯನ್ನೇ ಉಂಡು ಬದುಕುವುದರಿಂದ ಹೊರಗಿನ ಜಗತ್ತಿನಿಂದ ಯಾವ ಇಂಧನವೂ ಬೇಕಿಲ್ಲ. ಭೌತವಿಜ್ಞಾನಿಗಳು ನಿರಂತರ ಚಲನೆಯ ಯಂತ್ರ ಅಸಾಧ್ಯವೆಂದು ಕೈಚೆಲ್ಲಿದ್ದು ನಡಾವಳಿ ಪುಸ್ತಕ ಓದದ ದೋಷದಿಂದ.

ಈಗ ಪೂರ್ವಪಕ್ಷ. ಸಲಹೆ ಉಳಿದರೇನು ಬಂತು, ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಹೊತ್ತಿ ಉರಿಯಲಿಲ್ಲವೇ ಎಂದು ಕೇಳಬಹುದು. ಉರಿಯಿತು. ನೀರಿಗೆ ಬೆಂಕಿ ಬಿದ್ದ ಆ ದೃಶ್ಯವನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಕೊನೆಯ ಸಲ ಆರಿಸಲು ಸೇನೆಯ ಜವಾನರೂ ಬರಬೇಕಾಯಿತು. ಆದರೆ ಇಲ್ಲಿ ಪ್ರಮೇಯಗಳೆರಡು ಕಲಸಿಹೋಗಿವೆ. ಉರಿದದ್ದು ಕೆರೆ; 1986ರ ವರದಿಗೆ ಒಂದು ಕಿಡಿಯೂ ತಾಗಲಿಲ್ಲ. ಸುಡುವ ವಸ್ತುವಾದ ಕಾಗದ ಉಳಿದು, ಸುಡದ ವಸ್ತುವಾದ ನೀರು ಸುಟ್ಟಿತೆಂದರೆ ಸಲಹೆಗೆ ಸಂದ ರಕ್ಷಣೆ ಎಷ್ಟು ಬಿಗಿಯಾಗಿರಬೇಕು ಎಂದು ಊಹಿಸಿಕೊಳ್ಳಬೇಕು.

ಎರಡನೆಯ ಆಕ್ಷೇಪ ಬದನೆಯದ್ದು. ಕುಲಾಂತರಿ ಬದನೆಗೆ ಕರ್ನಾಟಕದ ಸ್ಥಳೀಯ ತಳಿಗಳನ್ನು, ಉಡುಪಿಯ ಮಟ್ಟುಗುಳ್ಳವನ್ನೂ ಸೇರಿಸಿ, ಬಳಸಿಕೊಂಡಾಗ ಊರಿನ ಸಮಿತಿಗಳನ್ನು ಕೇಳಲಿಲ್ಲ ಎಂದು 2010ರಲ್ಲಿ ದೂರು ಹೋಯಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಕಾನೂನು ಕ್ರಮಕ್ಕೆ ತೀರ್ಮಾನಿಸಿತು. ಸಮಿತಿಗಳನ್ನು ವಿಚಾರಿಸಲೇಬೇಕೆಂದು ಕಾಯ್ದೆಯೇ ಹೇಳುತ್ತದಲ್ಲ ಎಂಬುದು ಆಕ್ಷೇಪಕರ ಬಲ. ನಿಜ, ಹೇಳುತ್ತದೆ. ಆದರೆ ವಿಚಾರಿಸಬೇಕಾದರೆ ವಿಳಾಸ ಬೇಕು. ಕಾಯ್ದೆ ಬಂದು ಎಂಟು ವರ್ಷವಾದರೂ ದೇಶದ ಬಹುತೇಕ ಪಂಚಾಯಿತಿಗಳಲ್ಲಿ ಸಮಿತಿ ಎಂಬುದು ಕಾಯ್ದೆಯ ಪುಟದೊಳಗೇ ಕ್ಷೇಮವಾಗಿದ್ದ ಕಾಲವದು. ಗುಳ್ಳದ ಗತಿ ಏನಾದರೂ ಆಗಲಿ, ಅದರ ಬಗ್ಗೆ ಕೊಡಬೇಕಿದ್ದ ಸಲಹೆ ಸಿಪ್ಪೆಯೂ ಸುಲಿಯದೆ ಉಳಿಯಿತು.

ಮೂರನೆಯದು ನಿಜಕ್ಕೂ ತೊಡಕಿನದು, ಹಾರಿಸಿ ಬಿಡುವಂತಿಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿ, ಮರುವರ್ಷ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು, ಕೆರೆಯ ನಿರ್ವಹಣೆಯನ್ನು ತಾವೇ ಹೊತ್ತರು. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯಲ್ಲೂ ಅಕ್ಕಪಕ್ಕದ ಜನ ಪಾಲಿಕೆಯ ಎಂಜಿನಿಯರುಗಳ ಜೊತೆ ಕೂತು ನಕ್ಷೆಯಿಂದ ಹಿಡಿದು ಕಳೆ ತೆಗೆಯುವವರೆಗೆ ಕೈಹಾಕಿದರು. ಫಲವಾಗಿ ನೀರು ನಿಂತಿತು, ನೀರುಕಾಗೆ ಬೆಳ್ಳಕ್ಕಿಗಳು ಬಂದವು, ಬೆಳಗಿನ ನಡಿಗೆಯವರು ಬಂದರು. ಹಾಗಾದರೆ ನಾಗರಿಕರ ಸಲಹೆಯಿಂದ ಕೆರೆ ಉಳಿಯುತ್ತದಲ್ಲ ಎಂದರೆ, ಉಳಿಯುತ್ತದೆ, ಸಲಹೆ ಉಳಿಯುವುದಿಲ್ಲ. ಕಳೆ ತೆಗೆಯಿರಿ ಎಂಬ ಸಲಹೆ ಕಳೆ ತೆಗೆದ ದಿನವೇ ಸತ್ತಿತು. ಕೊಳಚೆ ತಿರುಗಿಸಿ ಎಂಬುದು ಕಾಲುವೆ ತಿರುಗಿದಾಗ ಮುಗಿಯಿತು. ತರ್ಕಶಾಸ್ತ್ರದ ಅನ್ವಯ ವ್ಯತಿರೇಕ ಎರಡೂ ಇಲ್ಲಿ ಕೂಡಿಬರುತ್ತವೆ: ಎಲ್ಲೆಲ್ಲಿ ಅಧಿಕಾರಿ ಕಿವಿಗೊಟ್ಟನೋ ಅಲ್ಲಲ್ಲಿ ಸಲಹೆ ನಾಶ, ಎಲ್ಲೆಲ್ಲಿ ಕಿವಿಗೊಡಲಿಲ್ಲವೋ ಅಲ್ಲಲ್ಲಿ ಸಲಹೆ ಅಕ್ಷಯ. ಜೊತೆಗೆ ಆ ಜನಕ್ಕೆ ದುಡ್ಡು ಕೂಡಿಸುವುದು, ಬೇಲಿ ಮುರಿದಾಗ ಓಡುವುದು, ನೀರಿನ ಮಟ್ಟ ಇಳಿದಾಗ ಪಾಲಿಕೆಯ ಬಾಗಿಲು ಬಡಿಯುವುದು, ಇವೆಲ್ಲ ವರ್ಷಗಟ್ಟಲೆ ತಪ್ಪಲಿಲ್ಲ. ಇಷ್ಟೊಂದು ಶ್ರಮ ಬೇಡುವ ವ್ಯವಸ್ಥೆಗೆ ಸುಸ್ಥಿರವೆಂಬ ಪದ ಸಲ್ಲುವುದೇ ಎಂಬ ಪ್ರಶ್ನೆಯನ್ನು ಪಂಡಿತರ ಮುಂದಿಡುತ್ತೇವೆ.

ಅನುದಾನ ಕೊಡಿ, ಠರಾವಿಗೆ ಉತ್ತರಿಸಲು ಅಧಿಕಾರಿಗೆ ದಿನದ ಗಡುವು ಹಾಕಿ, ಒಪ್ಪದಿದ್ದರೆ ಏಕೆಂದು ಬರೆದು ಕೊಡಲಿ ಎಂದು ವಾದಿಸುವ ತೀವ್ರಗಾಮಿಗಳೂ ಇದ್ದಾರೆ. ಅವರ ಮಾತು ನಡೆದರೆ ಹತ್ತು ವರ್ಷದೊಳಗೆ ಈ ನಾಡಿನ ಸಲಹೆಯ ನಿಕ್ಷೇಪವೆಲ್ಲ ಬರಿದಾಗಿ, ತಿಂಗಳ ಸಭೆಗೆ ವಿಷಯವೇ ಇಲ್ಲದೆ ಸದಸ್ಯರು ಒಬ್ಬರ ಮುಖ ಒಬ್ಬರು ನೋಡುವ ಸ್ಥಿತಿ ಬರುತ್ತದೆ. ಅದೃಷ್ಟಕ್ಕೆ ಸರ್ಕಾರ ದೂರದೃಷ್ಟಿಯಿಂದ ನಡೆದುಕೊಂಡಿದೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಒಡೆಯಿತು. ಆ ಬಳಿಕ ವಾರ್ಡುಗಳ ಸಂಖ್ಯೆ 369ಕ್ಕೆ ಏರಿತು. ಇದರಿಂದ ಹುಟ್ಟುವ ಶಾಸ್ತ್ರೀಯ ಸಮಸ್ಯೆ ಒಂದೇ: 198 ವಾರ್ಡುಗಳ ಹಳೆಯ ನಡಾವಳಿ ಪುಸ್ತಕಗಳನ್ನು 369ಕ್ಕೆ ಹಂಚುವುದು ಹೇಗೆ? ಪುಟ ಹರಿದು ಹಂಚಿದರೆ ಕೆಲವು ವಾರ್ಡುಗಳಿಗೆ ಬರೀ ಸಹಿಗಳು, ಕೆಲವಕ್ಕೆ ಬರೀ ಇತರೆ ವಿಷಯಗಳು ಸಿಕ್ಕಾವು. ಒಂದನ್ನೇ ಜೆರಾಕ್ಸ್ ಮಾಡಿಸಿ ಎಲ್ಲರಿಗೂ ಕೊಡುವುದು ಮೇಲು. ವಾರ್ಡಿನ ಸಂಖ್ಯೆ, ದಿನಾಂಕ ಬಿಟ್ಟರೆ ತಿದ್ದುವುದೇನೂ ಇರುವುದಿಲ್ಲ.