ಸ್ಟಾಪ್‌ವೈರ್ ಮೀಮಾಂಸೆ

ಹಳೆಯ ಔಟ್‌ಬೋರ್ಡ್ ಎಂಜಿನ್ ಏಕೆ ಚಾಲೂ ಆಗುವುದಿಲ್ಲ ಎಂಬ ಪ್ರಶ್ನೆ, ಜಗತ್ತು ಹೇಗೆ ಹುಟ್ಟಿತು ಎಂಬುದಕ್ಕಿಂತ ಕಠಿಣ. ಜಗತ್ತಾದರೂ ಒಂದು ಸಲ ಶುರುವಾಗಿದೆ. ಹೀಗಿದ್ದೂ ದರ್ಶನಕಾರರು ಜಗತ್ತಿನ ಬಗ್ಗೆ ಸಂಪುಟಗಟ್ಟಲೆ ಬರೆದು, ಎಂಜಿನ್ನನ್ನು ಮಲ್ಪೆ–ಗಂಗೊಳ್ಳಿಗಳ ಮೆಕ್ಯಾನಿಕ್‌ಗಳ ತಲೆಗೆ ಕಟ್ಟಿದರು. ಶಾಸ್ತ್ರಗ್ರಂಥಕ್ಕೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕು ಅನುಬಂಧಗಳು ಬೇಕಷ್ಟೆ. ನಾಡದೋಣಿಯ ಹಿಂಬದಿಗೆ ಬಿಗಿದ, ಪೆಟ್ರೋಲಿನಲ್ಲಿ ಎದ್ದು ಸೀಮೆಎಣ್ಣೆಯಲ್ಲಿ ಓಡುವ, ಬ್ಯಾಟರಿಯಿಲ್ಲದ ಟು-ಸ್ಟ್ರೋಕ್ ಎಂಜಿನ್ ಇಲ್ಲಿ ವಿಷಯ. ಕಿಡಿಯೇ ಪ್ರಯೋಜನ. ಹಗ್ಗ ಎಳೆದೆಳೆದು ವೈರಾಗ್ಯ ಬಂದವನೇ ಅಧಿಕಾರಿ. ಇನ್ನು ಸಂಬಂಧ: ಅದು ವೈರಿನದು, ಇರಬಾರದ ಕಡೆ ಬೆಳೆದದ್ದು. ಕಿಡಿ ಬಾರದಿದ್ದಾಗ ಯಾವ ವೈರ್ ಕಡಿದಿದೆ ಎಂದು ಲೋಕವೆಲ್ಲ ಹುಡುಕುತ್ತದೆ. ಯಾವ ವೈರ್ ಬೇಡದ್ದನ್ನು ಮುಟ್ಟಿದೆ ಎಂದು ಮೊದಲು ಕೇಳಬೇಕೆಂಬುದೇ ನಮ್ಮ ಸಿದ್ಧಾಂತ.

ಇದಕ್ಕೆ ಆಧಾರ ಎಂಜಿನ್ನಿನ ಹುಟ್ಟುಗುಣದಲ್ಲೇ ಇದೆ. ಫ್ಲೈವೀಲಿನೊಳಗಿನ ಅಯಸ್ಕಾಂತ ಕಾಯಿಲ್‌ಗಳ ಸುತ್ತ ತಿರುಗಿದರೆ ಕರೆಂಟು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡ ಸತ್ಯವಿದು, ಉಪ್ಪುನೀರಿಗೂ ಅಳಿಸಲಾಗಿಲ್ಲ. ಎಂಜಿನ್ ನಿಲ್ಲಿಸಬೇಕಾದಾಗ ಸ್ಟಾಪ್ ಸ್ವಿಚ್ ಈ ಕರೆಂಟನ್ನು ಎಂಜಿನ್ನಿನ ಬಾಡಿಗೆ ಇಳಿಸಿಬಿಡುತ್ತದೆ, ಪ್ಲಗ್ಗಿಗೆ ಏನೂ ಉಳಿಯುವುದಿಲ್ಲ. ಅಂದರೆ ಇಲ್ಲಿ ಬಿಡುಗಡೆಯೇ ಚಲನೆ, ಬಂಧವೇ ಸಮಾಧಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದಾಗಿ ದೊಡ್ಡ ಯಾಂತ್ರೀಕೃತ ದೋಣಿಗಳು ದಡ ಸೇರಿದರೆ, 10 ಅಶ್ವಶಕ್ತಿಯವರೆಗಿನ ನಾಡದೋಣಿಗಳಿಗೆ ರಿಯಾಯಿತಿ ಉಂಟು. ಹೀಗಾಗಿ ಮಳೆ ಹೊಡೆಯುವಾಗಲೇ ಈ ಸ್ವಿಚ್ಚಿಗೆ ಕೆಲಸ. ಒಳಗೆ ಉಪ್ಪಿನ ಪಸೆ ಕಟ್ಟಿಕೊಂಡು ಕರೆಂಟಿಗೆ ಕಳ್ಳದಾರಿಯಾಗುತ್ತದೆ; ಕವರಿನ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದ ವೈರ್ ಬಾಡಿಗೆ ತಾಗುತ್ತದೆ. ಪಾಪ, ಎಂಜಿನ್ ಹಟ ಮಾಡುತ್ತಿಲ್ಲ. ಯಾರೋ ಸ್ಟಾಪ್ ಬಟನ್ ಒತ್ತಿಯೇ ಇದ್ದಾರೆಂದು ನಂಬಿ ವಿಧೇಯವಾಗಿ ಸುಮ್ಮನಿದೆ.

ಇದನ್ನು ಸ್ಥಾಪಿಸಲು ಪ್ರಮಾಣ ಬೇಕು. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಬಣ್ಣವಿಲ್ಲದ ಕಡೆ ಎಂಜಿನ್ನಿಗೆ ಒತ್ತಿಟ್ಟು, ಚೆಲ್ಲಿದ ಪೆಟ್ರೋಲ್ ಒರೆಸಿ, ಹಗ್ಗ ಎಳೆಯಬೇಕು. ಕ್ಯಾಪನ್ನು ಬರಿಗೈಯಲ್ಲಿ ಹಿಡಿದವರಿಗೆ ಪ್ರತ್ಯಕ್ಷ ಪ್ರಮಾಣ ಮೊಣಕೈವರೆಗೆ ಲಭಿಸುತ್ತದೆ. ಶಾಸ್ತ್ರ ಅಷ್ಟನ್ನು ಬಯಸುವುದಿಲ್ಲ. ಕಿಡಿ ಕಾಣದಿದ್ದರೆ ಇಲ್ಲವೆನ್ನಬಹುದೇ? ಕಾಣದಿರುವುದೂ ಪ್ರಮಾಣವೆಂದು ಭಾಟ್ಟ ಮೀಮಾಂಸಕರು ಒಪ್ಪುತ್ತಾರೆ. ಆದರೆ ಇದ್ದಿದ್ದರೆ ಕಾಣಬಹುದಾಗಿತ್ತು ಎಂಬಂಥ ಸ್ಥಿತಿ ಇರಬೇಕು. ನಡುಹಗಲ ಬಿಸಿಲಲ್ಲಿ ನೀಲಿ ಕಿಡಿ ಇದ್ದರೂ ಕಾಣದು, ಆದ್ದರಿಂದ ನೆರಳಿನಲ್ಲೇ ನೋಡತಕ್ಕದ್ದು. ಬಳಿಕ ಸ್ಟಾಪ್‌ವೈರನ್ನು ಕಿಡಿ ಹಾರಿಸುವ ಸಿ.ಡಿ.ಐ. ಡಬ್ಬಿಯ ಬಳಿಯೇ ಬಿಡಿಸಿ ಮತ್ತೆ ಎಳೆಯಬೇಕು. ಈಗ ಕಿಡಿ ಹಾರಿದರೆ ದೋಷ ಆ ವೈರಿನಲ್ಲೋ ಸ್ವಿಚ್ಚಿನಲ್ಲೋ ಇದೆ. ಹಾರದಿದ್ದರೆ ಅವೆರಡನ್ನು ಖುಲಾಸೆ ಮಾಡಿ ಕಾಯಿಲ್, ಡಬ್ಬಿ, ಇನ್ನೂ ಹಳತಾದರೆ ಪಾಯಿಂಟ್, ಕಂಡೆನ್ಸರ್‌ಗಳ ವಿಚಾರಣೆ ಹೂಡಬೇಕು.

ಇಲ್ಲಿ ಪೂರ್ವಪಕ್ಷಿಗಳು ಏಳುತ್ತಾರೆ. ಸೀಮೆಎಣ್ಣೆಯ ಮಸಿ ಹಿಡಿದ ಪ್ಲಗ್ಗೇ ಅಪರಾಧಿ ಎಂದು ಮೊದಲನೆಯವರು. ಮಸಿ ಉಂಟು, ನಿಜ. ಹೊಸ ಪ್ಲಗ್ಗಿನಲ್ಲೂ ಕಿಡಿಯಿಲ್ಲವಾದರೆ ಈ ವಾದ ಅಲ್ಲಿಗೇ ಆರುತ್ತದೆ. ಎರಡನೆಯವರು ಉಪಮಾನವಾದಿಗಳು: ಹಳೇ ಕಾರಿನಲ್ಲಿ ಸ್ವಿಚ್ಚಿನ ವೈರ್ ಕಿತ್ತರೆ ಎಂಜಿನ್ ನಿಲ್ಲುತ್ತದೆ, ಇಲ್ಲಿ ಓಡುವುದು ಹೇಗೆ? ಕಾರಿನ ಸ್ವಿಚ್ ಬ್ಯಾಟರಿಯಿಂದ ಕರೆಂಟು ಕೊಡುತ್ತದೆ, ಇಲ್ಲಿಯದು ಕಸಿದುಕೊಳ್ಳುತ್ತದೆ. ಎರಡೂ ಒಂದೇ ಎಂದು ನಂಬಿ ಸ್ಟಾಪ್‌ವೈರಿಗೆ 12 ವೋಲ್ಟ್ ಉಣಿಸಿದರೆ ಸಿ.ಡಿ.ಐ. ಡಬ್ಬಿ ಸುಟ್ಟುಹೋಗಿ, ತಪ್ಪು ಉಪಮಾನಕ್ಕೆ ಬೆಲೆಯೂ ಉಂಟೆಂದು ಬಿಲ್ಲಿನ ಮೂಲಕ ಸಿದ್ಧವಾಗುತ್ತದೆ. ಮೂರನೆಯವರ ಆಕ್ಷೇಪವೇ ಗಟ್ಟಿ: ಸ್ಟಾಪ್‌ವೈರ್ ಬಿಡಿಸಿದ ಎಂಜಿನ್ ಎದ್ದರೆ ನಿಲ್ಲಿಸುವುದು ಹೇಗೆ? ಹೌದು, ಈ ಸಿದ್ಧಾಂತ ಗೆದ್ದಾಗಲೇ ಅಪಾಯ. ಚೋಕ್ ಎಳೆದು ಉಸಿರು ಕಟ್ಟಿಸಬೇಕು, ಇಲ್ಲವೇ ಎಣ್ಣೆಯ ಪೈಪ್ ಕಿತ್ತು ಕಾಯಬೇಕು. ಹಾಗೇ ಕಡಲಿಗಂತೂ ಒಯ್ಯಬಾರದು. ಪರೀಕ್ಷೆಗಾಗಿ ಬಿಡಿಸಿದ ವೈರನ್ನೇ ದುರಸ್ತಿಯೆಂದು ಕರೆಯುವುದು ಶಾಸ್ತ್ರದ್ರೋಹ.

ಆದ್ದರಿಂದ ಕ್ರಮ ಇಷ್ಟು: ಮೊದಲು ಸ್ಟಾಪ್ ಸ್ವಿಚ್ಚಿನ ಸುರಕ್ಷಾ ಹಗ್ಗದ ಕ್ಲಿಪ್ ಸ್ವಸ್ಥಾನದಲ್ಲಿದೆಯೇ ನೋಡಿ, ಆಮೇಲೆ ಪ್ಲಗ್, ಆಮೇಲೆ ಸ್ಟಾಪ್‌ವೈರ್, ಕೊನೆಗೆ ಮಾತ್ರ ದುಬಾರಿ ಕಾಯಿಲ್–ಡಬ್ಬಿಗಳು. ಕ್ಲಿಪ್ ಜಾರಿದ್ದೇ ಕಾರಣವೆಂದಾದರೆ ಮೇಲಿನ ಮೀಮಾಂಸೆಯೆಲ್ಲ ವ್ಯರ್ಥವಾಗುತ್ತದೆಂದು ಕೆಲವರು ಹಂಗಿಸಬಹುದು. ಅಲ್ಲ, ಎಂಜಿನ್ ಪೂರ್ತಿ ಬಿಚ್ಚಿ ಹರಡಿದ ಮೇಲೆ ಆ ಕ್ಲಿಪ್ ಕಣ್ಣಿಗೆ ಬಿದ್ದವನಿಗೆ, ನೋಡುತ್ತ ನಿಂತವರೆದುರು ಇಷ್ಟುದ್ದದ ವಿವರಣೆಯಾದರೂ ಬೇಕೇ ಬೇಕು.