ಹುಟ್ಟಿದರೆ ಕೊಬ್ಬರಿಯಾಗಿ ಹುಟ್ಟಬೇಕು

ತಿಪಟೂರು ಸೀಮೆಯಲ್ಲಿ ಹುಟ್ಟುವುದೇ ಆದರೆ ಕೊಬ್ಬರಿಯಾಗಿ ಹುಟ್ಟಬೇಕು. ಮಳೆ ತಾಗದ ಅಟ್ಟದ ಮೇಲೆ ತಿಂಗಳುಗಟ್ಟಲೆ ಬೆಚ್ಚಗಿರಬಹುದು. ಕೆಳಗಿಳಿದರೆ ಗಾತ್ರ ನೋಡುವವರುಂಟು, ತೇವಾಂಶ ಅಳೆಯುವವರುಂಟು. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಬೆಲೆ ಬಿದ್ದರೆ ಧರಣಿ ಕೂರಲು ಸಂಘಗಳಿವೆ, ಪಾದಯಾತ್ರೆಗೆ ಪಕ್ಷಗಳಿವೆ.

ಕಾಯಿ ಸುಲಿಯಲು, ಪೌಡರ್ ಫ್ಯಾಕ್ಟರಿಗೆ, ನಾರಿನ ಫ್ಯಾಕ್ಟರಿಗೆ, ಇಟ್ಟಿಗೆ ಗೂಡಿಗೆ ಊರು ಬಿಟ್ಟು ಬಂದವರ ಮಗುವಾಗಿ ಹುಟ್ಟಿದಿರೋ, ಕೆಟ್ಟಿರಿ. ನೀಲಿ ಟಾರ್ಪಾಲಿನ ಶೆಡ್ಡು, ಹಳೇ ಸೀರೆಯ ಜೋಳಿಗೆ. ಭೇದಿ ಹತ್ತಿದ ಕೂಸನ್ನು ತೂಗುತ್ತಿರುವವಳು ಐದು ವರ್ಷದ ಅಕ್ಕ. ಅವಳ ಬಾಯಲ್ಲೊಂದು ಕೊಬ್ಬರಿ ಚೂರು. ಆ ಹೊತ್ತಿನ ಪೌಷ್ಟಿಕ ಆಹಾರ ಅದೇ.

ಇವರು ಸಂತ್ರಸ್ತರಲ್ಲವೇ? ಛೇ, ಎಲ್ಲಾದರೂ ಉಂಟೇ! 2018ರಲ್ಲಿ ಕೊಡಗಿನ ಗುಡ್ಡ ಜರಿದಾಗ, 2019ರಲ್ಲಿ ಬೆಳಗಾವಿ ಜಿಲ್ಲೆ ನೆರೆಗೆ ಸಿಕ್ಕಾಗ ಪರಿಹಾರ ಕೇಂದ್ರ ತೆರೆದರು. ವೈದ್ಯರು ಬಂದರು, ಮಂತ್ರಿಗಳು ಬಂದರು, ಮಂತ್ರಿಗಳ ಹಿಂದೆ ಕ್ಯಾಮೆರಾ ಬಂತು. ನೀರಿನಲ್ಲಿ ಮುಳುಗಿ ಊರು ಬಿಟ್ಟವರು ಸಂತ್ರಸ್ತರು, ಸಾಲದಲ್ಲಿ ಮುಳುಗಿ ಬಿಟ್ಟವರು ‘ಹೊರಗಿನ ಲೇಬರ್’. ಅವರ ಪಾಲಿನ ಪರಿಹಾರಾಧಿಕಾರಿ ಮೇಸ್ತ್ರಿ.

ಕೂಸನ್ನೆತ್ತಿಕೊಂಡು ಆಸ್ಪತ್ರೆಗೆ ಹೋದರೆ ಮೊದಲು ಪ್ರಶ್ನೆಗಳು. ತಾಯಿ ಕಾರ್ಡ್ ಎಲ್ಲಮ್ಮಾ? ಊರಲ್ಲಿ. ಆಧಾರ್? ಮೇಸ್ತ್ರಿ ಹತ್ರ. ವಿಳಾಸ? ತೋಟದ ಹಿಂದೆ. ಭೇದಿಗೆ ಇದ್ಯಾವುದೂ ಬೇಕಾಗಿಲ್ಲ, ಒಳಗೆ ಬಂದೇ ಬಿಟ್ಟಿದೆ. ಅಂಗನವಾಡಿಯಿಂದ ಮನೆಗೆ ಒಯ್ಯುವ ಆಹಾರಕ್ಕೆ 2025ರ ಜುಲೈಯಿಂದ ಮುಖವನ್ನೂ ಮೊಬೈಲಿಗೆ ಒಪ್ಪಿಸಬೇಕು. ಹಸಿದ ಮುಖ ಕಣ್ಣಿಗೆ ಕಂಡರೆ ಸಾಲದು, ಸರ್ವರಿಗೂ ಕಾಣಬೇಕು!

ಕಾಗದದ ಈ ಮೋಹ ಬರೀ ನಗೆಯ ವಿಷಯವಲ್ಲ. 2022ರ ನವೆಂಬರಿನಲ್ಲಿ ನಮ್ಮದೇ ತುಮಕೂರಿನಲ್ಲಿ, ತಾಯಿ ಕಾರ್ಡ್ ಇಲ್ಲವೆಂದು ಜಿಲ್ಲಾಸ್ಪತ್ರೆಯಿಂದ ವಾಪಸು ಕಳಿಸಿದರೆನ್ನಲಾದ ತಮಿಳು ಮೂಲದ ಗರ್ಭಿಣಿ ಮನೆಯಲ್ಲೇ ಹೆತ್ತು ಸತ್ತಳು. ಅವಳಿ ಕೂಸುಗಳೂ ಉಳಿಯಲಿಲ್ಲ. ಆಮೇಲೆ ಸಿಬ್ಬಂದಿ ಅಮಾನತಾದರು. ನಮ್ಮಲ್ಲಿ ಅಮಾನತು ಆದೇಶ ಆಂಬುಲೆನ್ಸಿಗಿಂತ ಬೇಗ ತಲುಪುತ್ತದೆ.

ಶೆಡ್ಡಿನ ದಾರಿ ಆರೋಗ್ಯ ಇಲಾಖೆಗೆ ಗೊತ್ತಿಲ್ಲವೆಂದಲ್ಲ. ಪೋಲಿಯೊ ಹನಿ ಹಾಕುವವರು ಇಟ್ಟಿಗೆ ಗೂಡು, ಅಲೆಮಾರಿ ಗುಡಾರ, ಬಸ್ ಸ್ಟ್ಯಾಂಡು ಬಿಡದೆ ತಿರುಗಿದರು, ಯಾರ ಕಾರ್ಡನ್ನೂ ಕೇಳಲಿಲ್ಲ. 2014ರಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ಹನಿ ಹೋದ ದಾರಿಯಲ್ಲಿ ದಡಾರದ ಲಸಿಕೆ ಹೋಗಲಾರದೇ? ಭೇದಿಗೆ ಬೇಕಾದದ್ದು ಓಆರ್‌ಎಸ್ ಪೊಟ್ಟಣ, 14 ದಿನದ ಜಿಂಕ್ ಮಾತ್ರೆ. ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂದು ಒಂದು ಟೇಪು ಹೇಳುತ್ತದೆ. ಕೊಬ್ಬರಿ ಅಳೆಯುವವರಿಗೆ ಇದೇನು ದೊಡ್ಡ ವಿದ್ಯೆಯೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟದ ಯಜಮಾನರೇ, ಫ್ಯಾಕ್ಟರಿ ಮಾಲೀಕರೇ, ಸುಲಿದ ಕಾಯಿಯ ಲೆಕ್ಕ ಬರೆಯುವ ಪುಸ್ತಕದಲ್ಲೇ ಶೆಡ್ಡಿನ ಮಕ್ಕಳ ಹೆಸರನ್ನೂ ಬರೆದು ಊರಿನ ಆಶಾ ಕಾರ್ಯಕರ್ತೆಯ ಕೈಗೆ ಕೊಡಿ. ಕಾರ್ಡ್ ಇಲ್ಲವೆಂದು ಮಗುವಿಗೆ ಲಸಿಕೆ ನಿರಾಕರಿಸುವಂತಿಲ್ಲ. ನಿರಾಕರಿಸಿದರೆ, ಕೊಬ್ಬರಿ ಬೆಲೆಗೆ ಕೂರುವ ಧರಣಿಯಲ್ಲಿ ಅರ್ಧ ದಿನ ಇದಕ್ಕೂ ಕೂರಿ.